ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ

ಗಂಡ ಸತ್ತ ನಾಲ್ಕನೆಯ ದಿನವೇ ಪಂಪಿನಕ್ಕ ಕೆಲಸಕ್ಕೆ ಹೋದಳು. ಊರ ಬಾಯಿಗೆ ಅಷ್ಟು ಸಾಕಾಯಿತು. ಕಲ್ಲೆದೆಯವಳು ಎಂದರು ಕೆಲವರು. ಐಸಿನ ಸಹವಾಸದಲ್ಲಿದ್ದು ಒಳಗೂ ಐಸು ಕಟ್ಟಿಕೊಂಡಿದೆ ಎಂದರು ಇನ್ನು ಕೆಲವರು, ಹಾಗೆಂದವರಿಗೆ ಏನೋ ಹೊಸದು ಕಂಡುಹಿಡಿದ ಹೆಮ್ಮೆ ಬೇರೆ. ಆಡುವವರಿಗೇನು, ಎಲುಬಿಲ್ಲದ ನಾಲಿಗೆ. ಐಸು ಕಾರ್ಖಾನೆಯ ಹಳೆಯ ಪಂಪನ್ನು ಚಾಲೂ ಮಾಡುವ ವಿದ್ಯೆ ಅವಳೊಬ್ಬಳಿಗೇ ಗೊತ್ತಿತ್ತು. ಅದಕ್ಕೆ ಮೊದಲು ಎರಡು ಬಕೆಟ್ ನೀರು ಕುಡಿಸಬೇಕು, ಬೆಲ್ಟನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಬೇಕು, ಆಮೇಲೆ ಕಿವಿಗೊಟ್ಟು ಕೇಳಿ, ಅದು ಗೊಣಗುವುದನ್ನು ಬಿಟ್ಟ ಕ್ಷಣಕ್ಕೆ ಸರಿಯಾಗಿ ಸ್ವಿಚ್ಚು ಒತ್ತಬೇಕು. ಬೇರೆಯವರು ಒತ್ತಿದರೆ ಅದು ಬೆಲ್ಟು ಹರಿದುಕೊಂಡು ಕೂರುತ್ತಿತ್ತು. ಅವಳಿಲ್ಲದ ಮೂರು ದಿನ ಕಾರ್ಖಾನೆಯವರು ಟ್ಯಾಂಕರ್ ನೀರಿನಲ್ಲಿ ಹೇಗೋ ಕಾಲ ತಳ್ಳಿದರು. ನಾಲ್ಕನೆಯ ಬೆಳಿಗ್ಗೆ ಮ್ಯಾನೇಜರು ಮನೆಯ ಬಾಗಿಲಿಗೆ ಬಂದ. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಹೋಗಬೇಕು ಅನ್ನಿಸಿ ಹೋದದ್ದಲ್ಲ. ಬೇಡ ಅನ್ನಿಸಲಿಲ್ಲ, ಅಷ್ಟೆ.

ಅವಳಿಗೆ ಆಗ ಯಾವುದೂ ಏನೂ ಅನ್ನಿಸುತ್ತಿರಲಿಲ್ಲ. ಆಫೀಸಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಗಂಡ ಕೊನೆಯ ಸ್ಟಾಪಿನಲ್ಲಿ ಏಳಲಿಲ್ಲ ಎಂದು ಕಂಡಕ್ಟರು ಬಂದು ಹೇಳಿದಾಗ, ಅವಳು ಕೇಳಿದ ಮೊದಲ ಪ್ರಶ್ನೆ ಛತ್ರಿ ಎಲ್ಲಿ ಎಂದು. ಅದು ಊರಿಗೆಲ್ಲ ಹಬ್ಬಿತು. ಎರಡು ತಿಂಗಳಾದರೂ ಅವಳು ಹಾಗೆಯೇ ಇದ್ದಳು. ಸಾರಿಗೆ ಉಪ್ಪು ಹಾಕುವುದು ಮರೆತಿದ್ದಳು, ಮರೆತದ್ದು ಉಣ್ಣುವಾಗಲೂ ಗೊತ್ತಾಗಲಿಲ್ಲ. ಒಂದು ದಿನ ಐಸಿನ ಗಡ್ಡೆಯ ಮೇಲೆ ಅಂಗೈ ಊರಿ ನಿಂತವಳು ನಿಂತೇ ಇದ್ದಳು, ಚರ್ಮ ಅಂಟಿಕೊಂಡದ್ದನ್ನು ಪಕ್ಕದವನು ಕೂಗಿ ಹೇಳಬೇಕಾಯಿತು. ಅಳುವ ಕೆಲಸವನ್ನೆಲ್ಲ ಮನೆಯಲ್ಲಿ ನಾದಿನಿಯೇ ಗುತ್ತಿಗೆ ಹಿಡಿದಿದ್ದಳು. ನಾದಿನಿ ಎಂದರೆ ಗಂಡನ ಒಬ್ಬಳೇ ತಂಗಿ, ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದು ಶಾಲೆಯಲ್ಲಿ ಭೂಗೋಳ ಹೇಳಿಕೊಡುವವಳು. ಅವಳು ಅಣ್ಣನ ಕನ್ನಡಕ ಕಂಡರೂ ಅಳುತ್ತಿದ್ದಳು, ಪೆನ್ನು ಕಂಡರೂ ಅಳುತ್ತಿದ್ದಳು. ಪಂಪಿನಕ್ಕ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರುತ್ತಿದ್ದಳು. ನೋಡಿದವರಿಗೆ ಯಾರ ಗಂಡ ಸತ್ತದ್ದು, ಯಾರು ಸಮಾಧಾನ ಮಾಡುತ್ತಿರುವುದು ಎಂಬುದೇ ಗೊಂದಲ.

ಪಂಪಿನಕ್ಕನ ಕೆಲಸದ ಹೊತ್ತು ಮಾತ್ರ ಊರಿನ ಯಾರ ಹೊತ್ತಿಗೂ ಕೂಡುವಂಥದ್ದಲ್ಲ. ಬಂದರಿನ ಬಾಯಿಯಲ್ಲಿ ಮರಳು ದಿಬ್ಬ ಇದ್ದದ್ದರಿಂದ ದೋಣಿಗಳು ಉಬ್ಬರದಲ್ಲಿ ಮಾತ್ರ ಒಳಗೆ ಬರಬಲ್ಲವು. ಬಂದವು ಐಸು ತುಂಬಿಕೊಂಡು, ನೀರು ಇಳಿಯುವುದರೊಳಗೆ ಹೊರಬೀಳಬೇಕು. ಅವು ಹೋದಮೇಲೆ ಕಾರ್ಖಾನೆಯ ಐಸು ಕಟ್ಟುವ ಡಬ್ಬಿಗಳೆಲ್ಲ ಖಾಲಿ. ಆ ಖಾಲಿ ಡಬ್ಬಿಗಳಿಗೆ ಮತ್ತೆ ನೀರು ತುಂಬಲು ಇಳಿತದ ಹೊತ್ತಿಗೆ ಮೂರು ತಾಸು ಪಂಪು ಓಡಿಸಬೇಕು. ಉಬ್ಬರ ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷಕ್ಕೊಮ್ಮೆ ಬರುವುದರಿಂದ ಅವಳ ಪಾಳಿಯೂ ದಿನಕ್ಕೆ ಐವತ್ತು ನಿಮಿಷ ಮುಂದಕ್ಕೆ ಜಾರುತ್ತಿತ್ತು. ಈ ವಾರ ಮಧ್ಯಾಹ್ನ ಉಂಡವಳು ಮುಂದಿನ ವಾರ ಸಂಜೆ ಉಣ್ಣುವಳು. ಕಾರ್ಖಾನೆ ಮನೆಯ ಎದುರಿಗೇ ಇದ್ದದ್ದರಿಂದ ದಿನಕ್ಕೆರಡು ಸಲ ರಸ್ತೆ ದಾಟಿ, ಪಂಪು ಹಾಕಿ, ಆರಿಸಿ ಬರುತ್ತಿದ್ದಳು. ಬಿರುಗಾಳಿಗೆ ದೋಣಿಗಳು ದಡ ಸೇರಿದ ದಿನ ಮಾತ್ರ ಅವಳಿಗೆ ಬಿಡುವು. ಒಂಬತ್ತು ವರ್ಷ ಹೀಗೇ ನಡೆಯಿತು.

ಗಂಡನ ಕೆಲಸ ನೀರು ಮಂಡಳಿಯಲ್ಲಿ. ನೆಲದಡಿಯ ನೀರನ್ನು ಅಳೆಯುವುದು ಅವನ ಕಸುಬು, ಊರು ಅವನಿಗಿಟ್ಟ ಹೆಸರು ಚಂದ್ರನ ಗುಮಾಸ್ತ. ಸಮುದ್ರದಿಂದ ಕೂಗಳತೆಯಲ್ಲಿ, ಹಳೇ ಗೋದಾಮಿನ ಹಿಂದೆ, ಮಂಡಳಿಯದ್ದೊಂದು ಆಳದ ಕೊಳವೆಬಾವಿ ಇತ್ತು. ಅದರಿಂದ ಯಾರೂ ನೀರೆತ್ತುತ್ತಿರಲಿಲ್ಲ. ಅದು ನೋಡುವುದಕ್ಕೆಂದೇ ಇದ್ದ ಬಾವಿ. ಒಳಗೊಂದು ಅಳತೆಯ ಉಪಕರಣ ಇಳಿಬಿಟ್ಟು, ಗಂಟೆಗೊಮ್ಮೆ ನೀರು ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಅವನು ಒಂಬತ್ತು ವರ್ಷ ಬರೆದಿಟ್ಟ. ಉಬ್ಬರಕ್ಕೆ ಬಾವಿಯ ನೀರು ಏರುತ್ತಿತ್ತು, ಇಳಿತಕ್ಕೆ ಇಳಿಯುತ್ತಿತ್ತು. ಸಮುದ್ರದ ನೀರು ಬಾವಿಗೆ ಬರುತ್ತದೆಯೆಂದಲ್ಲ. ನೀರು ತುಂಬಿದ ಆ ಪದರ ಸಮುದ್ರದ ಕೆಳಗೂ ಹಾಸಿಕೊಂಡಿದೆ, ಉಬ್ಬರದ ಭಾರ ಬಿದ್ದಾಗ ಅದು ಅದುಮಿಕೊಳ್ಳುತ್ತದೆ, ಒಳಗಿನ ನೀರು ಬಾವಿಯಲ್ಲಿ ಮೇಲೇರುತ್ತದೆ.

ಹೆಚ್ಚು ಅದುಮಿಕೊಂಡರೆ ಪದರ ಮೆತ್ತಗಿದೆ ಎಂದರ್ಥ. ಮೆತ್ತಗಿದ್ದರೆ ಅದು ಹೆಚ್ಚು ನೀರು ಹಿಡಿದಿಟ್ಟಿರುತ್ತದೆ, ಹಿಂಡಿದರೆ ಹೆಚ್ಚು ಕೊಡುತ್ತದೆ. ಒಂದು ತೊಟ್ಟೂ ನೀರೆತ್ತದೆ ನೆಲದಡಿಯ ಉಗ್ರಾಣದ ಅಳತೆ ಸಿಕ್ಕಿತಲ್ಲ ಎಂದು ಅವನು ಸಿಕ್ಕವರಿಗೆಲ್ಲ ಸ್ನಾನದ ಸ್ಪಂಜು ಹಿಡಿದು ತೋರಿಸಿ ವಿವರಿಸುತ್ತಿದ್ದ. ಮನೆಯಲ್ಲಿ ಸ್ನಾನಕ್ಕೆ ಸ್ಪಂಜು ಸಿಗುತ್ತಿರಲಿಲ್ಲ. ಹೆಂಡತಿಗೂ ವಿವರಿಸಲು ಕೂರುತ್ತಿದ್ದ, ಅವಳು ಆಗ ತಾನೇ ಪಾಳಿ ಮುಗಿಸಿ ಬಂದಿರುತ್ತಿದ್ದಳು, ಎರಡನೆಯ ವಾಕ್ಯಕ್ಕೆ ನಿದ್ದೆ ಹೋಗುತ್ತಿದ್ದಳು.

ಅವನ ಬಾವಿ ಎಲ್ಲ ಬಾವಿಗಳಂತಲ್ಲ. ಸಮುದ್ರ ಒಂದೂಕಾಲು ಮೀಟರ್ ಏರಿದರೆ ಅದು ಒಂದು ಮೀಟರ್ ಏರುತ್ತಿತ್ತು. ಅಷ್ಟೊಂದು ಏರುವ ಬಾವಿಯನ್ನು ಮಂಡಳಿಯವರು ಕಂಡಿರಲಿಲ್ಲ. ಯಾವುದಾದರೂ ಪಂಪಿನ ಕಾಟ ಇರಬಹುದಲ್ಲವೇ ಎಂದು ಮೇಲಿನವರು ಕೇಳಿದ್ದರು. ಆಗ ಅವನು ತುಂಬಿದ ಸಭೆಯಲ್ಲಿ ಎದ್ದುನಿಂತು, ಮನುಷ್ಯರು ಪಂಪು ಹಾಕುವುದು ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ, ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷಕ್ಕೊಮ್ಮೆ ಏಳುವವನು ಲೋಕದಲ್ಲಿ ಚಂದ್ರ ಒಬ್ಬನೇ ಎಂದಿದ್ದ. ಚಪ್ಪಾಳೆ ಬಿದ್ದಿತ್ತು. ಮನೆಗೆ ಬಂದು ಅದನ್ನು ಊಟದ ಹೊತ್ತಿನಲ್ಲಿ ಮತ್ತೊಮ್ಮೆ ಹೇಳಿದ. ಎದುರಿಗೆ ಕೂತು ಅನ್ನ ಬಡಿಸುತ್ತಿದ್ದವಳು ಗಡಿಯಾರ ನೋಡಿ, ನನಗೆ ಹೊತ್ತಾಯಿತು ಎಂದು ಎದ್ದುಹೋಗಿದ್ದಳು.

ಆ ಅಳತೆಯ ಮೇಲೆ ನಾಲ್ಕು ದೊಡ್ಡ ಬಾವಿಗಳ ಯೋಜನೆ ತಯಾರಾಯಿತು. ಗುಡ್ಡದ ಮೇಲಿನ ಬಡಾವಣೆಗೆ ಹತ್ತು ವರ್ಷದಿಂದ ಟ್ಯಾಂಕರ್ ನೀರೇ ಗತಿ. ಈ ನಾಲ್ಕು ಬಾವಿಗಳು ಬಂದರೆ ಮನೆಮನೆಗೆ ನಲ್ಲಿ. ವರದಿ ಮುಗಿಯುವ ಹೊತ್ತಿಗೆ ಅವನು ಹೋಗಿಬಿಟ್ಟ. ಹೊಸ ಪಂಪ್‌ಹೌಸಿಗೆ ಅವನ ಹೆಸರನ್ನೇ ಇಡುವುದೆಂದು ಮಂಡಳಿಯವರು ತೀರ್ಮಾನಿಸಿದರು. ಆ ಸುದ್ದಿ ಕೇಳಿದ ದಿನ ನಾದಿನಿ ಮೊದಲ ಸಲ ಅಳುತ್ತಲೇ ನಕ್ಕಳು.

ಹಾಗಿರುವಾಗ ಒಂದು ಮಧ್ಯಾಹ್ನ, ಗಂಡನ ಕೈಕೆಳಗೆ ಆರು ವರ್ಷ ಕೆಲಸ ಕಲಿತ ಇಂಜಿನಿಯರಮ್ಮ ಮನೆಗೆ ಬಂದಳು. ಎರಡು ಮಕ್ಕಳ ತಾಯಿ, ಎಲ್ಲದಕ್ಕೂ ಕ್ಷಮೆ ಕೇಳುವ ಸ್ವಭಾವ, ಲೆಕ್ಕದಲ್ಲಿ ಮಾತ್ರ ಯಾರನ್ನೂ ಕ್ಷಮಿಸುವವಳಲ್ಲ. ಕಂಕುಳಲ್ಲಿ ಸುತ್ತಿಟ್ಟ ಉದ್ದನೆಯ ಕಾಗದ. ವರದಿಯನ್ನು ಕಟ್ಟಿ ಕಳಿಸುವುದಕ್ಕೆ ಹನ್ನೆರಡು ದಿನ ಉಳಿದಿದೆ, ಒಂದೇ ಒಂದು ಅನುಮಾನ ಎಂದಳು. ಮೇಜಿನ ಮೇಲಿದ್ದ ತಟ್ಟೆ ಲೋಟ ಸರಿಸಿ ಕಾಗದ ಹಾಸಿದಳು. ಒಂದರ ಹಿಂದೊಂದು ಅಲೆ, ನೂರಾರು ಅಲೆ, ಕೆಳಗೆ ತಾರೀಖು. ಕೊನೆಯ ಕಡೆ ಒಂದು ಜಾಗದಲ್ಲಿ ಅಲೆಗಳು ಏಕಾಏಕಿ ಕುಗ್ಗಿ, ಮೂರು ದಿನ ಹೆಚ್ಚುಕಡಿಮೆ ಚಪ್ಪಟೆಯಾಗಿ ಹೋಗಿ, ಮತ್ತೆ ಎದ್ದಿದ್ದವು.

“ಅಕ್ಕ, ತಪ್ಪು ತಿಳ್ಕೋಬೇಡಿ. ಈ ಮೂರು ದಿನ ಸಾರ್ ಹೋದ ಮೂರು ದಿನ. ಉಪಕರಣ ಕೆಟ್ಟಿತ್ತು ಅಂತ ಬರೆದು ತೆಗೆದುಹಾಕ್ಲಾ ಅಂತ ಕೇಳೋಕೆ ಬಂದೆ.”

ನಾದಿನಿ ತಾರೀಖು ನೋಡಿದಳು. ಬಾವಿಗೂ ಗೊತ್ತಾಗಿದೆ ನೋಡಿ ಎಂದು ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು. ಇಂಜಿನಿಯರಮ್ಮನ ಕಣ್ಣೂ ತುಂಬಿತು. ಪಂಪಿನಕ್ಕ ಕಾಗದದ ಮೇಲೆ ಬಗ್ಗಿದಳು. ಇಷ್ಟುದ್ದದ ಕಾಗದವನ್ನು ಅವಳು ಎಂದೂ ನೋಡಿರಲಿಲ್ಲ; ಗಂಡ ಮನೆಗೆ ತರುತ್ತಿದ್ದದ್ದು ಎರಡು ದಿನದ ತುಂಡು, ಸ್ಪಂಜಿನ ಜೊತೆ ತೋರಿಸುವುದಕ್ಕೆ. ಅವಳ ಬೆರಳು ತನ್ನಷ್ಟಕ್ಕೆ ಹಿಂದಕ್ಕೆ ಸರಿಯಿತು. ಅದರ ಹಿಂದಿನ ತಿಂಗಳು ಒಂದು ಅಲೆಯ ತಳ ಅರ್ಧಕ್ಕೇ ನಿಂತಿತ್ತು. ಪಕ್ಕದಲ್ಲಿ ಗಂಡನ ಪೆನ್ಸಿಲ್ ಅಕ್ಷರ: ‘ಗಾಳಿಯ ಒತ್ತಡ?’ ಆ ದಿನ ಅವಳಿಗೆ ನೆನಪಿತ್ತು. ಪಂಪು ಹಾಕಿ ಒಂದು ತಾಸಿಗೆ ಬೆಲ್ಟು ಹರಿದಿತ್ತು. ಇನ್ನೂ ಹಿಂದೆ ನಾಲ್ಕು ದಿನ ಅಲೆ ಕುಗ್ಗಿತ್ತು, ಪಕ್ಕದಲ್ಲಿ ‘ಬಿರುಗಾಳಿ, ಗಾಳಿಯ ಒತ್ತಡ’ ಎಂದಿತ್ತು. ಆ ನಾಲ್ಕು ದಿನ ದೋಣಿಗಳು ದಡದಲ್ಲಿದ್ದವು, ಅವಳು ಮನೆಯಲ್ಲಿ ಕೂತು ಹೊದಿಕೆಗಳನ್ನು ಹೊಲಿದಿದ್ದಳು.

ಅವಳು ಮೇಜಿನಿಂದ ಕೈ ತೆಗೆದು, ಚಹಾ ಮಾಡುತ್ತೇನೆ ಎಂದಳು. ಚಹಾ ಮಾಡಿದಳು. ಇಂಜಿನಿಯರಮ್ಮನಿಗೆ, ಆ ಮೂರು ದಿನ ತೆಗೆದುಹಾಕಬೇಡಿ, ಎರಡು ದಿನ ತಡೆಯಿರಿ ಎಂದಷ್ಟೇ ಹೇಳಿ, ಕಾಗದವನ್ನು ಇಟ್ಟುಹೋಗಲು ಕೇಳಿಕೊಂಡಳು.

ಕಾರ್ಖಾನೆಯ ಯಂತ್ರದ ಕೋಣೆಯಲ್ಲಿ, ನೆಲದ ಕಬ್ಬಿಣದ ಮುಚ್ಚಳದ ಕೆಳಗೆ ಒಂದು ಕೊಳವೆಬಾವಿ ಇತ್ತು. ಮಂಡಳಿ ಹುಟ್ಟುವುದಕ್ಕಿಂತ ಮುಂಚಿನದು. ಮಂಡಳಿಯ ಪಟ್ಟಿಯಲ್ಲಿ ಕಾರ್ಖಾನೆಗೆ ಊರ ನಲ್ಲಿಯ ನೀರು ಎಂದೇ ಇತ್ತು. ಗಂಡ ಒಂದು ದಿನವೂ ಆ ಗೇಟು ದಾಟಿ ಒಳಗೆ ಬಂದವನಲ್ಲ, ಅಮೋನಿಯಾ ವಾಸನೆಗೆ ಅವನಿಗೆ ತಲೆನೋವು. ಇವತ್ತು ಪಂಪು ಕೈಕೊಟ್ಟಿತು, ಇವತ್ತು ಪಂಪು ಚೆನ್ನಾಗಿತ್ತು ಎಂದು ಅವಳು ಮನೆಯಲ್ಲಿ ಹೇಳುತ್ತಲೇ ಇದ್ದಳು. ನಲ್ಲಿ ನೀರನ್ನು ತೊಟ್ಟಿಗೆ ಏರಿಸುವ ಪಂಪು ಇರಬೇಕೆಂದು ಅವನು ಅಂದುಕೊಂಡಿದ್ದ. ನೀರು ಮಂಡಳಿಯವನಿಗೆ ಗೊತ್ತಿಲ್ಲದ ಬಾವಿ ಊರಿನಲ್ಲಿ ಇರುತ್ತದೆಯೇ ಎಂದು ಅವಳು ಸುಮ್ಮನಿದ್ದಳು. ಬಾವಿ ಇದ್ದರೆ ಹೆಂಡತಿ ಹೇಳದೆ ಇರುತ್ತಾಳೆಯೇ ಎಂದು ಅವನು ಸುಮ್ಮನಿದ್ದ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಇವರ ಮನೆಯಲ್ಲಿ ಹುಡುಕುವುದೂ ನಡೆಯಲಿಲ್ಲ.

ಮರುದಿನ ಪಾಳಿಯಲ್ಲಿ ಅವಳು ಪಂಪಿನ ಪುಸ್ತಕ ತೆಗೆದಳು. ಹಾಕಿದ ಹೊತ್ತು, ಆರಿಸಿದ ಹೊತ್ತು, ಎಲ್ಲ ಅವಳದೇ ಅಕ್ಷರ. ಕಾಗದವನ್ನು ಡಬ್ಬಿಗಳ ಮೇಲೆ ಹಾಸಿ, ಒಂದೊಂದೇ ಸಾಲಿಗೆ ಬೆರಳಿಟ್ಟು ಹೋಲಿಸಿದಳು. ಅವಳು ಹಾಕಿದಾಗಲೆಲ್ಲ ಬಾವಿ ಇಳಿದಿತ್ತು, ಆರಿಸಿದಾಗಲೆಲ್ಲ ಏರಿತ್ತು. ಸಮುದ್ರ ಇಳಿಯುವ ಹೊತ್ತಿಗೇ ಅವಳೂ ಎಳೆಯುತ್ತಿದ್ದಳು, ಅದಕ್ಕೇ ಯಾರಿಗೂ ಅನುಮಾನ ಬಂದಿರಲಿಲ್ಲ. ನಡುವಿನ ಮುನ್ನೂರು ಮೀಟರ್ ನೆಲ ಏರಿಳಿತದ ಮೂಲೆಗಳನ್ನೆಲ್ಲ ಸವರಿ ದುಂಡಗೆ ಮಾಡಿತ್ತು. ಎರಡು ವರ್ಷದಷ್ಟು ಹೋಲಿಸಿ ಪುಸ್ತಕ ಮುಚ್ಚಿದಳು. ಗಂಡ ತಪ್ಪಿದ್ದ. ನಾಲ್ಕು ಬಾವಿಗಳೂ ತಪ್ಪು, ಪಂಪ್‌ಹೌಸಿನ ಹೆಸರೂ ತಪ್ಪು. ಇಷ್ಟೆಲ್ಲ ತಿಳಿದರೂ ಎದೆಯೊಳಗೆ ಏನೂ ಅಲುಗಲಿಲ್ಲ. ಅಲುಗಬೇಕಿತ್ತು ಎಂಬುದು ಮಾತ್ರ ಅವಳಿಗೆ ಗೊತ್ತಾಗುತ್ತಿತ್ತು.

ಮೊದಲು ಹೇಳಿದ್ದು ನಾದಿನಿಗೆ. ಅವಳು ಶಾಲೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಾ ಕೂತಿದ್ದಳು. ಪಂಪಿನಕ್ಕ ಕಾಗದವನ್ನೂ ಪುಸ್ತಕವನ್ನೂ ಮುಂದಿಟ್ಟು, ತರಕಾರಿ ಬೆಲೆ ಹೇಳುವ ದನಿಯಲ್ಲಿ ಎಲ್ಲ ಹೇಳಿದಳು. ಭೂಗೋಳ ಕಲಿಸುವವಳಿಗೆ ಎರಡು ಸಲ ಹೇಳಬೇಕಾಗಲಿಲ್ಲ. ಪದರ ಅಣ್ಣ ತಿಳಿದಷ್ಟು ಮೆತ್ತಗಿಲ್ಲ, ಗಟ್ಟಿ ಇದೆ. ಅದರಲ್ಲಿ ಅಷ್ಟು ನೀರಿಲ್ಲ. ನಾಲ್ಕು ಬಾವಿ ಇಟ್ಟು ಹಿಂಡಿದರೆ ಒಂದೆರಡು ವರ್ಷಕ್ಕೆ ಸಮುದ್ರದ ಉಪ್ಪು ಒಳಗೆ ಬರುತ್ತದೆ, ಬಂದರೆ ಒಂದು ತಲೆಮಾರಿಗೆ ಹೋಗುವುದಿಲ್ಲ. ಅವಳು ಕೆಂಪು ಪೆನ್ನಿನ ಟೋಪಿ ಹಾಕಿ, ಉತ್ತರಪತ್ರಿಕೆಗಳನ್ನು ಪಕ್ಕಕ್ಕೆ ಸರಿಸಿದಳು.

“ಅಣ್ಣ ಇದ್ದಿದ್ರೆ ಅವನೇ ತಿದ್ದುತ್ತಿದ್ದ, ನಗಾಡ್ಕೊಂಡು ತಿದ್ದುತ್ತಿದ್ದ. ಈಗ ಅವನಿಲ್ಲ. ತಪ್ಪು ಮಾಡಿದೋನು ಅಂತ ಮಾತ್ರ ಉಳ್ಕೊಳ್ತಾನೆ ಅತ್ತಿಗೆ.”

“ಹೌದು.”

“ನೀವು ಹೇಳದೆ ಇದ್ರೆ ಯಾರಿಗೂ ಗೊತ್ತಾಗಲ್ಲ.”

ಅದಕ್ಕೆ ಪಂಪಿನಕ್ಕ, ನೀರು ಉಪ್ಪಾದ ದಿನ ಗೊತ್ತಾಗುತ್ತದೆ, ಆಗ ಅವನ ಹೆಸರು ಪಂಪ್‌ಹೌಸಿನ ಗೋಡೆಯ ಮೇಲೇ ಇರುತ್ತದೆ ಎಂದಳು. ನಾದಿನಿ ಅತ್ತಿಗೆಯ ಮುಖವನ್ನೇ ನೋಡಿದಳು. ನಿಮಗೆ ಏನೂ ಅನ್ನಿಸುವುದಿಲ್ಲವೇ ಎಂದು ಎರಡು ತಿಂಗಳಿಂದ ನುಂಗಿಕೊಂಡಿದ್ದ ಮಾತನ್ನು ಅಂದೇಬಿಟ್ಟಳು. ಇಲ್ಲ ಎಂದಳು ಪಂಪಿನಕ್ಕ, ಅವಳಿಗೆ ಸುಳ್ಳು ಹೇಳುವಷ್ಟೂ ಹುರುಪಿರಲಿಲ್ಲ. ನಾದಿನಿ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೆಳಿಗ್ಗೆ ಶಾಲೆಗೆ ಹೋಗುವ ಮುಂಚೆ, ಪಂಪಿನ ಪುಸ್ತಕಕ್ಕೆ ಮಳೆ ತಾಗದಿರಲಿ ಎಂದು ಒಂದು ಪ್ಲಾಸ್ಟಿಕ್ ಚೀಲ ತಂದು ಅದರ ಮೇಲಿಟ್ಟು ಹೋದಳು. ಅವಳ ಒಪ್ಪಿಗೆ ಅಷ್ಟರಲ್ಲೇ ಇತ್ತು.

ಇಂಜಿನಿಯರಮ್ಮ ನಂಬಲಿಲ್ಲ. ಸಾರ್ ಇದನ್ನೆಲ್ಲ ಯೋಚಿಸಿರದೆ ಇರುತ್ತಾರೆಯೇ ಎಂದಳು, ಆಮೇಲೆ ಪುಸ್ತಕ ನೋಡಿದಳು, ಆಮೇಲೆ ಕುರ್ಚಿಯಲ್ಲಿ ಒರಗಿದಳು. ಪುಸ್ತಕ ಒಂದೇ ಸಾಲದು, ಸಮುದ್ರವೂ ಪಂಪೂ ಒಂದೇ ಚಂದ್ರನನ್ನು ಹಿಂಬಾಲಿಸುತ್ತಿರುವಾಗ ಯಾವುದು ಯಾವುದರಿಂದ ಎಂದು ಹೇಳುವುದು ಹೇಗೆ ಎಂದು ಕೇಳಿದಳು. ಪಂಪಿನಕ್ಕ ಸ್ವಲ್ಪ ಯೋಚಿಸಿ, ಹಾಕಬಾರದ ಹೊತ್ತಿಗೆ ಹಾಕುತ್ತೇನೆ, ಆಮೇಲೆ ಎರಡು ದಿನ ನಿಲ್ಲಿಸುತ್ತೇನೆ, ನಿಮ್ಮ ಬಾವಿ ಯಾರ ಮಾತು ಕೇಳುತ್ತದೋ ನೋಡಿ ಎಂದಳು. ಮ್ಯಾನೇಜರು ಮೊದಲು ಕುಣಿದಾಡಿದ, ದೋಣಿಯವರಿಗೆ ಏನು ಹೇಳಲಿ ಎಂದು ತಲೆ ಚಚ್ಚಿಕೊಂಡ. ಉಪ್ಪು ಬಂದರೆ ಮೊದಲು ಕೆಡುವುದು ನಿಮ್ಮ ಬಾವಿಯೇ ಎಂದಾಗ ತಣ್ಣಗಾದ. ಬಾವಿಯನ್ನು ಪಟ್ಟಿಗೆ ಸೇರಿಸುವ ಅರ್ಜಿಗೂ ಅಂದೇ ಸಹಿ ಹಾಕಿದ, ಹೇಗಿದ್ದರೂ ಸಿಕ್ಕಿಬಿದ್ದಾಗಿತ್ತಲ್ಲ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ತುಂಬು ಉಬ್ಬರ. ದೋಣಿಗಳು ಕಟ್ಟೆಗೆ ತಾಗಿಕೊಂಡು ನಿಂತಿದ್ದವು. ಆ ಹೊತ್ತಿಗೆ ಪಂಪಿನಕ್ಕ ಎಂದೂ ಪಂಪು ಹಾಕಿದವಳಲ್ಲ. ಎರಡು ಬಕೆಟ್ ನೀರು ಕುಡಿಸಿ, ಬೆಲ್ಟು ತಿರುಗಿಸಿ, ಕಿವಿಗೊಟ್ಟು ಕೇಳಿ, ಸ್ವಿಚ್ಚು ಒತ್ತಿದಳು. ಗೇಟು ದಾಟಿ, ಮೀನಿನ ಬುಟ್ಟಿಗಳ ನಡುವೆ ಹಾದು, ಗೋದಾಮಿನ ಹಿಂದಕ್ಕೆ ನಡೆದಳು. ಗಂಡನ ಬಾವಿಯನ್ನು ಅವಳು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಒಂದು ಕಬ್ಬಿಣದ ಕೊಳವೆ, ಬೀಗ ಹಾಕುವ ಮುಚ್ಚಳ, ಪಕ್ಕದಲ್ಲಿ ಕೂರಲು ಸಿಮೆಂಟಿನ ಒಂದು ತುಂಡು. ಇಷ್ಟೇನಾ ಎಂದುಕೊಂಡಳು. ಇಂಜಿನಿಯರಮ್ಮ ಉಪಕರಣದ ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿಕೊಂಡು ಸಿಮೆಂಟಿನ ತುಂಡಿನ ಮೇಲೆ ಕೂತಿದ್ದಳು. ಸಮುದ್ರ ತುಂಬಿ ನಿಂತಿತ್ತು, ಚಂದ್ರನ ಮಾತು ಕೇಳುವುದಾದರೆ ಬಾವಿಯೂ ತುಂಬಿಯೇ ಇರಬೇಕು. ಹನ್ನೆರಡನೆಯ ನಿಮಿಷಕ್ಕೆ ನೀರು ಇಳಿಯಲು ಶುರುವಾಯಿತು. ಒಂದು ತಾಸಿಗೆ ಮೊಣಕೈಯಷ್ಟು ಇಳಿಯಿತು. ಇಂಜಿನಿಯರಮ್ಮ ಕಂಪ್ಯೂಟರನ್ನು ಮೆಲ್ಲಗೆ ಮುಚ್ಚಿ, ಸಾಕು ಅಕ್ಕ, ಆರಿಸಿಬಿಡಿ ಎಂದಳು.

ಅದಾದ ಮೇಲೆ ಎರಡು ದಿನ ಪಂಪು ನಿಲ್ಲಿಸಿದರು. ಅವಳ ಕೈ ತಾಗದ ಬಾವಿ, ಸಮುದ್ರ ಎಷ್ಟೇ ಏರಿದರೂ, ಒಂದು ಗೇಣು ಏರಿತು, ಒಂದು ಗೇಣು ಇಳಿಯಿತು. ಚಂದ್ರನ ಪಾಲಿನದ್ದು ಅಷ್ಟೇ. ಉಳಿದ ಮುಕ್ಕಾಲು ಮೀಟರ್ ಅವಳದು. ಒಂಬತ್ತು ವರ್ಷ ಗಂಡ ಆ ಸಿಮೆಂಟಿನ ತುಂಡಿನ ಮೇಲೆ ಕೂತು ಅಳೆದದ್ದು ಬಹುಪಾಲು ತನ್ನನ್ನೇ ಎಂದು ಅವಳಿಗೆ ಹೊಳೆಯಿತು. ಅದನ್ನೂ ಅವಳು ಪಕ್ಕಕ್ಕಿಟ್ಟಳು. ಆ ದಿನಗಳಲ್ಲಿ ಅವಳ ಪಕ್ಕದಲ್ಲಿ ಅಂಥವು ಬಹಳ ಸೇರಿಕೊಂಡಿದ್ದವು.

ವಾರದ ಕೊನೆಗೆ ಇಂಜಿನಿಯರಮ್ಮ ಆಫೀಸಿಗೆ ಕರೆಸಿದಳು. ತಿದ್ದಿದ ವರದಿ ತಯಾರಾಗಿತ್ತು, ಪಂಪಿನ ಹೊತ್ತುಗಳು ಸರಿ ಎಂದು ಪಂಪಿನಕ್ಕ ಸಹಿ ಹಾಕಬೇಕಿತ್ತು. ನೆಲದಡಿಯ ಉಗ್ರಾಣ ಮೊದಲು ಹೇಳಿದ್ದರ ಕಾಲು ಭಾಗ. ನಾಲ್ಕು ಬಾವಿಗಳ ಬದಲು ಒಂದು, ಅದೂ ಚಿಕ್ಕದು. ಗುಡ್ಡದ ಬಡಾವಣೆಗೆ ಸದ್ಯಕ್ಕೆ ಟ್ಯಾಂಕರೇ. ಸುದ್ದಿ ಆಗಲೇ ಹೊರಗೆ ಬಿದ್ದಿತ್ತು. ಸತ್ತವನನ್ನು ಬೈಯಬಾರದು ಎಂಬ ಮಾತನ್ನು ಬಡಾವಣೆಯವರು ಮೂರು ದಿನ ಕಷ್ಟಪಟ್ಟು ಪಾಲಿಸಿ ನಾಲ್ಕನೆಯ ದಿನ ಕೈಬಿಟ್ಟಿದ್ದರು. ಪಂಪ್‌ಹೌಸಿನ ಹೆಸರಿನ ಫಲಕ ಬೇಡವೆಂದು ಮೇಲಿನವರ ಪತ್ರ ಬಂದಿತ್ತು. ಅದನ್ನು ನಾದಿನಿಗೆ ಹೇಳುವುದು ಹೇಗೆ ಎಂಬುದೊಂದೇ ಪಂಪಿನಕ್ಕ ಬಸ್ಸಿನಲ್ಲಿ ಯೋಚಿಸಿಕೊಂಡು ಬಂದದ್ದು.

ಇಂಜಿನಿಯರಮ್ಮ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. ವರದಿಯ ಮೇಲೆ ಸಾರ್ ಹೆಸರು ತೆಗೆದಿಲ್ಲ ಎಂದಳು. ವಿಧಾನ ಅವರದೇ, ಉಪಕರಣ ಇಳಿಬಿಟ್ಟವರು ಅವರೇ. ಸರಿಯಾದ ಅಂಕಿ ಸಿಕ್ಕಿದ್ದೂ ಮುಖ್ಯವಾಗಿ ಆ ಮೂರು ದಿನಗಳಿಂದ, ಕೆಟ್ಟಿದೆ ಎಂದು ತೆಗೆದುಹಾಕಲು ಹೊರಟಿದ್ದೆನಲ್ಲ, ಅವುಗಳಿಂದ. ಬಿಸಿಲಿತ್ತು, ಗಾಳಿ ಇರಲಿಲ್ಲ, ಪಂಪು ನಿಂತಿತ್ತು. ಬಾವಿ ಒಂಬತ್ತು ವರ್ಷದಲ್ಲಿ ಮೊದಲ ಸಲ ನಿಜ ಹೇಳಿದ್ದು ಆಗಲೇ. ಪಂಪಿನಕ್ಕ ತಲೆಯಾಡಿಸಿ ಸಹಿ ಮಾಡಲು ಪೆನ್ನು ತೆಗೆದುಕೊಂಡಳು.

“ಒಂದು ಮಾತು ಅಕ್ಕ, ತಪ್ಪು ತಿಳ್ಕೋಬೇಡಿ. ಬಿರುಗಾಳಿ ಇಲ್ಲದ ದಿನ ಒಂದೇ ಒಂದು ಸಲ ಪಂಪು ಮೂರು ದಿನ ನಿಂತಿದ್ರೂ ಸಾರ್‌ಗೆ ಆಗ್ಲೇ ಗೊತ್ತಾಗಿಬಿಡ್ತಿತ್ತು. ಒಂಬತ್ತು ವರ್ಷದಲ್ಲಿ ನೀವು ಒಂದು ಸಲನೂ ರಜ ಹಾಕ್ಲಿಲ್ವಾ?”

ಅವಳು ಕೇಳಿದ್ದು ಲೆಕ್ಕದವಳು ಕೇಳುವ ಹಾಗೆ, ಬೇರೆ ಏನೂ ಮನಸ್ಸಿನಲ್ಲಿಟ್ಟುಕೊಂಡಲ್ಲ. ಪಂಪಿನಕ್ಕನ ಪೆನ್ನು ಕಾಗದಕ್ಕೆ ತಾಗಿ ಅಲ್ಲೇ ನಿಂತಿತು. ಪ್ರತಿ ವರ್ಷ ತಂಗಿಯ ಶಾಲೆಗೆ ರಜ ಬಿಟ್ಟಾಗ ಗಂಡ ಬಸ್ಸಿನ ವೇಳಾಪಟ್ಟಿ ತಂದು ಮೇಜಿನ ಮೇಲೆ ಇಡುತ್ತಿದ್ದ. ಸಮುದ್ರವೇ ಕಾಣದ ಒಂದು ಊರಿಗೆ ಹೋಗೋಣ, ಮೂರೇ ದಿನ, ಇಬ್ಬರೇ, ಒಂದೇ ಹೊತ್ತಿಗೆ ಉಂಡು ಒಂದೇ ಹೊತ್ತಿಗೆ ಮಲಗೋಣ ಎನ್ನುತ್ತಿದ್ದ. ಅವಳು ಪಂಪು ಯಾರು ಹಾಕುತ್ತಾರೆ ಎನ್ನುತ್ತಿದ್ದಳು. ಅವನು ವೇಳಾಪಟ್ಟಿಯನ್ನು ಮಡಿಸಿ ಒಳಗಿಡುತ್ತಿದ್ದ. ಒಂದು ವರ್ಷ ಹೋಗಿದ್ದರೆ ಸಾಕಿತ್ತು. ವಾಪಸು ಬಂದು ಬಾವಿ ನೋಡುತ್ತಿದ್ದ, ತನ್ನ ತಪ್ಪನ್ನು ತಾನೇ ಹಿಡಿಯುತ್ತಿದ್ದ, ನಗುತ್ತಾ ಮನೆಗೆ ಓಡಿಬರುತ್ತಿದ್ದ, ಅವಳನ್ನು ನಿದ್ದೆಯಿಂದ ಎಬ್ಬಿಸುತ್ತಿದ್ದ. ಎರಡು ತಿಂಗಳು ಎಲ್ಲಿ ನಿಂತಿತ್ತೋ, ಆ ದುಃಖ ಈಗ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವಳ ಮೇಲೆ ಒಮ್ಮೆಲೇ ಬಂತು. ಅವಳಿಗೆ ತುಂಬ ನೋವಾಯಿತು. ಅವಳು ಪೆನ್ನು ಕೆಳಗಿಟ್ಟು, ಎರಡೂ ಕೈಯಿಂದ ಮೇಜಿನ ಅಂಚನ್ನು ಹಿಡಿದುಕೊಂಡಳು. ಇಂಜಿನಿಯರಮ್ಮ ಗಾಬರಿಯಾಗಿ ನೀರಿನ ಲೋಟ ಮುಂದೆ ಸರಿಸಿದಳು.

“ಅವರು ಕೇಳ್ತಿದ್ರು,” ಎಂದಳು ಪಂಪಿನಕ್ಕ. “ಪ್ರತಿ ವರ್ಷ ಕೇಳ್ತಿದ್ರು. ನಾನೇ, ಮುಂದಿನ ವರ್ಷ ನೋಡೋಣ ಅಂತಿದ್ದೆ.”